ಶನಿವಾರ ಸಂಜೆಯ ಸಿಂಫನಿ: ಚಿಕ್ಕಮಗಳೂರಿನ ಈ ಮಹಡಿ ಕೋಣೆಗೆ ಒಮ್ಮೆ ಹೋಗಿ ಬನ್ನಿ

ಕೈಮರದ ಕಡೆ ಹೋಗುವ ರಸ್ತೆಯಲ್ಲಿ, ಚಿಕ್ಕಮಗಳೂರು ಮುಗಿದು ಕಾಫಿ ತೋಟ ಶುರುವಾಗುವ ಹತ್ತಿರ, ಒಂದು ಹಳೇ ಹೆಂಚಿನ ಮನೆ ಇದೆ. ಅದರ ಮಹಡಿಯಲ್ಲಿ ಶನಿವಾರ ಸಂಜೆ ಸಂಗೀತ ಕೇಳಿಸುತ್ತಾರೆ. ವೇದಿಕೆ ಇಲ್ಲ, ಹಾಡುವವರಿಲ್ಲ. ರೆಕಾರ್ಡ್ ಹಾಕುತ್ತಾರೆ, ನಡುವೆ ವಿವರಿಸುತ್ತಾರೆ, ಬಂದವರು ಕೂತು ಕೇಳುತ್ತಾರೆ. ಬೋರ್ಡು ಕೂಡ ಹಾಕಿಲ್ಲ. ಹೆಸರು ಬರೆಯಬೇಡಿ ಎಂದು ಮನೆಯವರು ಕೇಳಿಕೊಂಡಿದ್ದಾರೆ, ಹಾಗಾಗಿ ನಾನೂ ಬರೆಯುವುದಿಲ್ಲ. ಊರಲ್ಲಿ ಸಂಗೀತ ಕಲಿಸುವವರನ್ನು ಕೇಳಿದರೆ ದಾರಿ ಹೇಳುತ್ತಾರೆ.

ಈ ಮಳೆಗಾಲದಲ್ಲಿ ಅಲ್ಲಿ ಒಂದು ಸರಣಿ ನಡೆಯಿತು. ಯಹೂದಿಗಳ ಪ್ರಾರ್ಥನೆ ಮತ್ತು ಬೈಬಲ್ಲಿನ ಹಳೇ ಒಡಂಬಡಿಕೆ ಪಾಶ್ಚಾತ್ಯರ ದೊಡ್ಡ ವಾದ್ಯವೃಂದದ ಸಿಂಫನಿ ಸಂಗೀತದೊಳಗೆ ಹೇಗೆ ಬಂದವು ಅನ್ನುವುದು ವಿಷಯ. ನಾನು ಹಾಸನದವಳು. ಗಮಕ ವಾಚನ ಮಾಡುತ್ತೇನೆ, ಮಕ್ಕಳಿಗೂ ಹೇಳಿಕೊಡುತ್ತೇನೆ. ಸಿಂಫನಿಯ ಪರಿಚಯ ನನಗೆ ಕಡಿಮೆ. ಆದರೂ ಹೊರಟಿದ್ದು ಒಂದೇ ಕಾರಣಕ್ಕೆ. ಯಹೂದಿಗಳು ತಮ್ಮ ಗ್ರಂಥವನ್ನು ಓದುವುದಿಲ್ಲ, ರಾಗವಾಗಿ ಹೇಳುತ್ತಾರೆ, ಆ ಧಾಟಿಯೇ ದೊಡ್ಡ ವಾದ್ಯವೃಂದದೊಳಗೆ ಹೋಗಿ ಕೂತಿದೆ ಎಂದು ಪರಿಚಯದವರೊಬ್ಬರು ಹೇಳಿದರು. ಪದ್ಯ ಹೇಳುವುದೇ ಬದುಕಾದವಳಿಗೆ ಇದಕ್ಕಿಂತ ಬೇರೆ ಆಕರ್ಷಣೆ ಬೇಕಾ?

ಮೊದಲಿಗೆ ಒಳ್ಳೆಯದನ್ನೇ ಹೇಳುತ್ತೇನೆ. ಈ ಮನೆಯ ಸಾಹುಕಾರ್ರು (ಸುತ್ತಲಿನವರೆಲ್ಲ ಹಾಗೇ ಕರೆಯುತ್ತಾರೆ) ಕೇಳಿಸುವ ಕ್ರಮವೇ ಬೇರೆ. ನೇರವಾಗಿ ಸಿಂಫನಿ ಹಾಕುವುದಿಲ್ಲ. ಮೊದಲು ಮೂಲ ಪ್ರಾರ್ಥನೆಯನ್ನು ಒಂಟಿ ದನಿಯಲ್ಲಿ ಕೇಳಿಸುತ್ತಾರೆ, ಯಾವ ವಾದ್ಯವೂ ಇಲ್ಲದೆ. ಅದು ಕಿವಿಯಲ್ಲಿ ಕೂತ ಮೇಲೆ ವಾದ್ಯವೃಂದದ ಕೃತಿ. ನಮ್ಮಲ್ಲಿ ವಾಚನ ಆದ ಮೇಲೆ ವ್ಯಾಖ್ಯಾನ ಬರುತ್ತದಲ್ಲ, ಅದೇ ಕ್ರಮ. ಮೂಲ ಗೊತ್ತಿದ್ದರೆ, ಸಂಗೀತಗಾರ ಅದನ್ನು ಎಲ್ಲಿ ಹಾಗೇ ಬಿಟ್ಟ, ಎಲ್ಲಿ ಎಳೆದ, ಎಲ್ಲಿ ಮುರಿದ ಅನ್ನುವುದು ತಾನಾಗಿ ಕೇಳಿಸುತ್ತದೆ. ಸ್ವರಲಿಪಿ ಓದಲು ಬರಬೇಕು ಅಂತೇನಿಲ್ಲ.

ಮೊದಲ ಸಂಜೆ ಓದುವ ಧಾಟಿಯನ್ನೇ ವಿವರಿಸಿದರು. ಹೀಬ್ರೂ ಬೈಬಲ್ಲಿನ ಅಚ್ಚಾದ ಪುಸ್ತಕದಲ್ಲಿ ಅಕ್ಷರಗಳ ಮೇಲೂ ಕೆಳಗೂ ಸಣ್ಣ ಸಣ್ಣ ಗುರುತುಗಳಿರುತ್ತವೆ. ಎಲ್ಲಿ ಒತ್ತಬೇಕು, ಎಲ್ಲಿ ನಿಲ್ಲಬೇಕು, ಯಾವ ಸ್ವರದ ಎಳೆ ಹಿಡಿಯಬೇಕು, ಎಲ್ಲ ಅದರಲ್ಲಿದೆ. ಅವನ್ನು ಟಅಮೀಮ್ ಅನ್ನುತ್ತಾರೆ. ಸಿನಗಾಗಿನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಓದುವ ಕೈಬರಹದ ತೋರಾ (ಬೈಬಲ್ಲಿನ ಮೊದಲ ಐದು ಪುಸ್ತಕಗಳು) ಸುರುಳಿಯಲ್ಲಿ ಮಾತ್ರ ಈ ಗುರುತು ಇರುವುದಿಲ್ಲ. ಸ್ವರಾಕ್ಷರದ ಚಿಹ್ನೆಗಳೂ ಇರುವುದಿಲ್ಲ. ಓದುವವನು ಮನೆಯಲ್ಲೇ ಎಲ್ಲ ಕಲಿತು, ನೆನಪಿಟ್ಟುಕೊಂಡು ಬಂದು, ಬರಿಯ ವ್ಯಂಜನಗಳನ್ನು ನೋಡಿ ತಪ್ಪಿಲ್ಲದೆ ಹೇಳಬೇಕು.

ನನ್ನನ್ನು ಹಿಡಿದು ಕೂರಿಸಿದ್ದು ಮುಂದಿನ ಮಾತು. ಅದೇ ಗುರುತನ್ನು ತೋರಾ ಓದುವಾಗ ಒಂದು ಥರ ಹಾಡುತ್ತಾರೆ. ಪ್ರವಾದಿಗಳ ಭಾಗ ಓದುವಾಗ ಇನ್ನೊಂದು ಥರ. ಆ ಭಾಗಕ್ಕೆ ಹಫ್ತಾರಾ ಅನ್ನುತ್ತಾರೆ. ಪ್ರಲಾಪಗಳ ಪುಸ್ತಕ ಓದುವ ದಿನ ಮತ್ತೊಂದೇ ಧಾಟಿ. ಪೋಲೆಂಡಿನವರ ರೀತಿ, ಯೆಮೆನ್‌ನವರ ರೀತಿ, ನಮ್ಮ ಕೊಚ್ಚಿಯ ಯಹೂದಿಗಳ ರೀತಿ, ಎಲ್ಲವೂ ಬೇರೆ ಬೇರೆ. ಸಾಹುಕಾರ್ರು ಇಷ್ಟು ಹೇಳಿ ನನ್ನ ಕಡೆ ತಿರುಗಿದರು. "ಟೀಚರೇ, ಕುಮಾರವ್ಯಾಸನ ಒಂದೇ ಪದ್ಯವನ್ನು ಎರಡು ರಾಗದಲ್ಲಿ ಹೇಳ್ತೀರಾ?" ಹೇಳಿದೆ. ಒಮ್ಮೆ ಅಠಾಣದಲ್ಲಿ, ಒಮ್ಮೆ ಮುಖಾರಿಯಲ್ಲಿ. ಅದೇ ಭಾಮಿನಿ ಷಟ್ಪದಿ, ಅದೇ ಅಕ್ಷರ, ಆದರೆ ಕೇಳುವವರ ಮುಖವೇ ಬದಲಾಯಿತು. ಅಷ್ಟರಲ್ಲಿ ವಿಷಯ ಎಲ್ಲರಿಗೂ ಅರ್ಥವಾಗಿತ್ತು.

ಆ ಸಂಜೆಯಿಂದ ಒಂದು ಅಳತೆಗೋಲು ನನ್ನ ತಲೆಯಲ್ಲಿ ಉಳಿಯಿತು. ಗಮಕದಲ್ಲಿ ರಾಗ ಪದ್ಯಕ್ಕಾಗಿ ಇರುತ್ತದೆ, ಪದ್ಯ ರಾಗಕ್ಕಾಗಿ ಅಲ್ಲ. ಮಾತಿನ ನಡೆಯನ್ನು ಕೊಂದು ರಾಗ ಬೆಳೆಸಿದರೆ ಅದು ವಾಚನವಲ್ಲ. ಈ ಸರಣಿಯ ಪ್ರತಿ ಕೃತಿಯನ್ನೂ ನಾನು ಹೀಗೇ ಕೇಳಿದೆ. ಇದರೊಳಗೆ ಓದು ಇನ್ನೂ ಉಸಿರಾಡುತ್ತಿದೆಯಾ? ಇಲ್ಲ, ಬರಿ ರಾಗ ಮಾತ್ರ ಉಳಿದಿದೆಯಾ?

ಬ್ರೂಖ್‌ನ 'ಕೋಲ್ ನಿದ್ರೈ' ಎಲ್ಲರಿಗೂ ಬೇಗ ಹಿಡಿಸುವ ಕೃತಿ. ಕೋಲ್ ನಿದ್ರೈ ಅನ್ನುವುದು ಯೋಮ್ ಕಿಪ್ಪೂರ್ (ಯಹೂದಿಗಳ ಪ್ರಾಯಶ್ಚಿತ್ತದ ಉಪವಾಸದ ದಿನ) ಹಿಂದಿನ ಸಂಜೆ, ಸೂರ್ಯ ಮುಳುಗುವ ಮುಂಚೆ ಹಾಡುವ ಪಾಠ. ನಿಜ ಹೇಳಬೇಕೆಂದರೆ ಅದು ಪ್ರಾರ್ಥನೆಯೇ ಅಲ್ಲ. ಅರಮಾಯಿಕ್ ಭಾಷೆಯ ಒಂದು ಘೋಷಣೆ. ದೇವರಿಗೆ ಕೊಟ್ಟು ನಡೆಸಲಾಗದ ಹರಕೆಗಳನ್ನು ರದ್ದು ಮಾಡುವ ಮಾತು. ಮೂರು ಸಲ ಹೇಳುತ್ತಾರೆ, ಪ್ರತಿ ಸಲವೂ ದನಿ ಏರಿಸಿ. ಯೊಸ್ಸೆಲೆ ರೋಸೆನ್‌ಬ್ಲಾಟ್ ಎಂಬ ಹೆಸರಾಂತ ಕ್ಯಾಂಟರ್ ಹಾಡಿದ ಹಳೇ ರೆಕಾರ್ಡಿಂಗ್ ಅನ್ನು ಮೊದಲು ಹಾಕಿದರು. ಕ್ಯಾಂಟರ್ ಅಂದರೆ ಸಿನಗಾಗಿನಲ್ಲಿ ಪ್ರಾರ್ಥನೆ ಹಾಡುವವರು. ರೆಕಾರ್ಡಿನ ಚರಚರ ಸದ್ದಿನ ನಡುವೆ ಆ ಗಂಟಲು ಬಿಕ್ಕುವುದು, ತಿರುಗುವುದು, ಮತ್ತೆ ಮೇಲೆ ಏರುವುದು ಸ್ಪಷ್ಟವಾಗಿ ಕೇಳುತ್ತಿತ್ತು.

ಆಮೇಲೆ ಬ್ರೂಖ್. ಆತ ಯಹೂದಿಯಲ್ಲ, ಜರ್ಮನಿಯ ಪ್ರೊಟೆಸ್ಟೆಂಟ್. ಬರ್ಲಿನ್ನಿನ ಕ್ಯಾಂಟರ್ ಲಿಖ್ಟೆನ್‌ಸ್ಟೈನ್ ಅವರ ಮೂಲಕ ಈ ಧಾಟಿ ಅವನಿಗೆ ಸಿಕ್ಕಿತು. ಲಿವರ್‌ಪೂಲಿನಲ್ಲಿ ವಾದ್ಯವೃಂದ ನಡೆಸುತ್ತಿದ್ದಾಗ, 1880ರಲ್ಲಿ, ಚೆಲ್ಲೋ (ಪಿಟೀಲಿನ ಜಾತಿಯ, ಕೆಳದನಿಯ ದೊಡ್ಡ ವಾದ್ಯ) ಮತ್ತು ಆರ್ಕೆಸ್ಟ್ರಾಗೆ ಬರೆದ. ಚೆಲ್ಲೋ ಶುರುವಿನಲ್ಲಿ ಮೂರು ಸ್ವರ ನುಡಿಸಿ ನಿಲ್ಲುತ್ತದೆ, ಮತ್ತೆ ಮೂರು, ಮತ್ತೆ ನಿಲ್ಲುತ್ತದೆ. ಕ್ಯಾಂಟರ್ ಬಿಕ್ಕಿದ ಜಾಗದಲ್ಲೇ ಚೆಲ್ಲೋ ಉಸಿರು ತಗೊಳ್ಳುತ್ತದೆ. ಇಲ್ಲಿವರೆಗೆ ಅದ್ಭುತ. ಎರಡನೇ ಭಾಗದಲ್ಲಿ ಹಾರ್ಪ್ ಎಂಬ ತಂತಿ ವಾದ್ಯ ಬಂದು, ಶ್ರುತಿಯ ಬಣ್ಣ ತಿಳಿಯಾಗಿ, ಬೇರೊಂದು ಧಾಟಿ ಶುರುವಾಗುತ್ತದೆ. ಅದು ಬೈರನ್ ಕವಿಯ ಬಾಬಿಲೋನ್ ಶೋಕದ ಪದ್ಯಕ್ಕೆ ಐಸಾಕ್ ನೇಥನ್ ಹಾಕಿದ್ದ ರಾಗ. ಕೇಳಲು ತುಂಬಾ ಹಿತ. ಆದರೆ ಅಲ್ಲಿ ಓದು ಮುಗಿದು ಹಾಡು ಮಾತ್ರ ಉಳಿಯುತ್ತದೆ. ನನಗೆ ಮೊದಲ ಭಾಗವೇ ಸಾಕು ಅನ್ನಿಸಿತು.

ಮುಂದಿನ ವಾರ ಬ್ಲಾಖ್‌ನ 'ಷೆಲೋಮೋ'. ಷೆಲೋಮೋ ಅಂದರೆ ಸೊಲೊಮೋನ ರಾಜ. ಜಿನೀವಾದಲ್ಲಿ ಹುಟ್ಟಿದ ಎರ್ನೆಸ್ಟ್ ಬ್ಲಾಖ್ ಮೊದಲು ಪ್ರಸಂಗಿಯ (ಸೊಲೊಮೋನನದ್ದು ಎನ್ನುವ ಬೈಬಲ್ಲಿನ ಪುಸ್ತಕ) ಮಾತುಗಳನ್ನು ಹಾಡಿಗೆ ಹಾಕಬೇಕೆಂದಿದ್ದ. ಯಾವ ಭಾಷೆಯಲ್ಲಿ ಅನ್ನುವುದು ತೀರ್ಮಾನವಾಗಲಿಲ್ಲ. ಆಗ ಬಾರ್ಯಾನ್ಸ್ಕಿ ಎಂಬ ಚೆಲ್ಲೋ ವಾದಕರ ಪರಿಚಯವಾಯಿತು. ಮಾತು ಬಿಟ್ಟು ಚೆಲ್ಲೋ ಕೈಗೇ ಸೊಲೊಮೋನನ ದನಿ ಕೊಟ್ಟ. ಬರೆದದ್ದು 1916ರಲ್ಲಿ, ಮೊದಲು ನುಡಿಸಿದ್ದು 1917ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ. ಎಲ್ಲವೂ ವ್ಯರ್ಥ ಎಂದು ಹೇಳಿದ ರಾಜ ಇಲ್ಲಿ ಮಾತಿಲ್ಲದೆ ಮಾತಾಡುತ್ತಾನೆ. ಚೆಲ್ಲೋ ಒಂದೇ ಸ್ವರವನ್ನು ಮತ್ತೆ ಮತ್ತೆ ತಟ್ಟುತ್ತದೆ, ಸಾಲಿನ ಕೊನೆಗೆ ಬಂದು ಜಾರುತ್ತದೆ. ಪದ್ಯ ಗೊತ್ತಿಲ್ಲದಿದ್ದರೂ ಯಾರೋ ಪದ್ಯ ಹೇಳುತ್ತಿದ್ದಾರೆ ಎಂದು ಕಿವಿಗೆ ಗೊತ್ತಾಗುತ್ತದೆ. ನಡುವೆ ಬರುವ ಒಂದು ಧಾಟಿ ಬ್ಲಾಖ್‌ನ ಅಪ್ಪ ಮನೆಯಲ್ಲಿ ಹೀಬ್ರೂನಲ್ಲಿ ಹಾಡುತ್ತಿದ್ದದ್ದಂತೆ. ಫಾಯರ್‌ಮನ್ ಚೆಲ್ಲೋ ನುಡಿಸಿ, ಸ್ಟೊಕೋವ್ಸ್ಕಿ ಫಿಲಡೆಲ್ಫಿಯಾ ಆರ್ಕೆಸ್ಟ್ರಾ ನಡೆಸಿದ 1940ರ ರೆಕಾರ್ಡಿಂಗ್ ಹಾಕಿದ್ದರು. ಹಳೆಯದು, ಆದರೂ ಚೆಲ್ಲೋ ನಮ್ಮ ಎದುರಿಗೇ ಕೂತ ಹಾಗಿತ್ತು.

ಇನ್ನು ಈ ಸರಣಿಯ ಶಿಖರಕ್ಕೆ ಬರುತ್ತೇನೆ. ಅಮೆರಿಕದ ಸಂಗೀತಗಾರ ಲೆನರ್ಡ್ ಬರ್ನ್‌ಸ್ಟೈನ್‌ನ ಮೊದಲ ಸಿಂಫನಿ, 'ಜೆರಿಮಾಯಾ'. ನಮ್ಮ ಕನ್ನಡ ಬೈಬಲ್ಲಿನ ಪ್ರವಾದಿ ಯೆರೆಮೀಯ. 1942ರಲ್ಲಿ ಬರೆದು ಮುಗಿಸಿದ, ಆಗ ಅವನಿಗೆ ಇನ್ನೂ ಇಪ್ಪತ್ತನಾಲ್ಕು. 1944ರ ಜನವರಿಯಲ್ಲಿ ಪಿಟ್ಸ್‌ಬರ್ಗಿನಲ್ಲಿ ತಾನೇ ನಡೆಸಿ ಕೇಳಿಸಿದ. ಅಪ್ಪನಿಗೆ ಅರ್ಪಿಸಿದ ಕೃತಿ. ಮೂರು ಭಾಗ: ಪ್ರವಾದನೆ, ಅಪವಿತ್ರಗೊಳಿಸಿದ್ದು, ಪ್ರಲಾಪ.

ಎರಡನೇ ಭಾಗಕ್ಕೆ ಮುಂಚೆ ಸಾಹುಕಾರ್ರು ಒಬ್ಬ ಹುಡುಗ ಹಫ್ತಾರಾ ಓದುವುದನ್ನು ಕೇಳಿಸಿದರು. ಯಹೂದಿ ಮಕ್ಕಳು ಹದಿಮೂರು ವರ್ಷ ತುಂಬಿದಾಗ ಎಲ್ಲರ ಮುಂದೆ ಇದನ್ನು ಓದುತ್ತಾರೆ. ಎಳೇ ಗಂಟಲು, ಸ್ವಲ್ಪ ಹೆದರಿಕೆ, ಸಾಲಿನ ಕೊನೆಯಲ್ಲಿ ಒಂದು ಸಣ್ಣ ಸುತ್ತು. ಆ ಸುತ್ತನ್ನು ಮೂರು ನಾಲ್ಕು ಸಲ ಹಾಕಿ ತೋರಿಸಿದರು. ಆಮೇಲೆ ಸಿಂಫನಿ. ಊದುವ ವಾದ್ಯಗಳು ಸರಸರ ಶುರುವಾದವು. ಆ ಹುಡುಗನ ಧಾಟಿಯೇ! ಆದರೆ ವೇಗ ಹೆಚ್ಚಾಗಿದೆ, ಎಣಿಕೆ ಸಮವಾಗಿ ಬರುವುದಿಲ್ಲ, ಪ್ರತಿ ಸಾಲೂ ಒಂದಕ್ಕಿಂತ ಒಂದು ಉದ್ದ ಗಿಡ್ಡ. ತಾಳ ಹಾಕಲು ಹೋದರೆ ಕೈ ತಪ್ಪುತ್ತದೆ. ಬರಬರುತ್ತಾ ಹಿತ್ತಾಳೆ ವಾದ್ಯಗಳು ನುಗ್ಗಿ ಅದೇ ಪವಿತ್ರ ಧಾಟಿಯನ್ನು ತುಳಿದು ಹಾಕುತ್ತವೆ. ದೇವರ ಮಾತನ್ನು ಊರವರೇ ಹಾಳು ಮಾಡಿದ ಕಥೆ ಇದು. ಕಥೆ ಹೇಳಲು ಬರ್ನ್‌ಸ್ಟೈನ್ ಬೇರೆ ರಾಗ ಹುಡುಕಲಿಲ್ಲ. ಓದಿನ ಧಾಟಿಯನ್ನೇ ಕೆಡಿಸಿ ತೋರಿಸಿದ. ಮೂಲ ಕೇಳದೆ ನೇರವಾಗಿ ಇದನ್ನು ಕೇಳಿದ್ದರೆ ನನಗೆ ಇದು ಬರಿ ಲವಲವಿಕೆಯ ಕುಣಿತದ ಥರ ಕೇಳುತ್ತಿತ್ತು. ಮೊದಲು ಹುಡುಗನ ಓದು ಕೇಳಿದ್ದರಿಂದ ಎದೆ ಹಿಂಡಿದ ಹಾಗಾಯಿತು. ಈ ಮನೆಯ ಕ್ರಮದ ಬೆಲೆ ನನಗೆ ತಿಳಿದದ್ದು ಇಲ್ಲೇ.

ಮೂರನೇ ಭಾಗಕ್ಕೆ ಒಬ್ಬ ಗಾಯಕಿ ಬರುತ್ತಾರೆ. ಹಾಡುವುದು ಪ್ರಲಾಪಗಳ ಪುಸ್ತಕದ ಹೀಬ್ರೂ ಸಾಲುಗಳು. ಜನ ತುಂಬಿದ್ದ ನಗರ ಒಂಟಿಯಾಗಿ ಕೂತಿದೆ, ವಿಧವೆಯ ಹಾಗೆ ಆಗಿದೆ ಎಂದು ಶುರು. ಬಾಬಿಲೋನಿನವರು ಯೆರೂಸಲೇಮಿನ ದೇವಾಲಯ ಸುಟ್ಟ ನೆನಪಿನ ಉಪವಾಸದ ರಾತ್ರಿ, ದೀಪ ಸಣ್ಣ ಮಾಡಿ, ನೆಲದ ಮೇಲೆ ಕೂತು ಈ ಪುಸ್ತಕ ಓದುತ್ತಾರೆ. ಬರ್ನ್‌ಸ್ಟೈನ್ ಆ ದಿನದ ಧಾಟಿಯಿಂದಲೇ ಇದನ್ನು ಕಟ್ಟಿದ್ದಾನೆ. ಗಾಯಕಿ ಎಲ್ಲೂ ಅಲಂಕಾರಕ್ಕೆ ಹೋಗುವುದಿಲ್ಲ, ಮಾತು ಎಷ್ಟು ಕೇಳುತ್ತದೋ ಅಷ್ಟೇ ಸ್ವರ. ದುಃಖದ ಭಾರವನ್ನೆಲ್ಲ ಹಿಂದಿನ ತಂತಿ ವಾದ್ಯಗಳು ಹೊರುತ್ತವೆ. ಒಳ್ಳೆಯ ಗಮಕಿಗಳು ದ್ರೌಪದಿಯ ಮಾತು ಹೇಳುವಾಗ ಹೀಗೇ ಹೇಳುತ್ತಾರೆ. ತಾವು ಅಳುವುದಿಲ್ಲ, ಪದ್ಯಕ್ಕೆ ದಾರಿ ಬಿಡುತ್ತಾರೆ. ಹಾಕಿದ್ದು 1977ರ ರೆಕಾರ್ಡಿಂಗ್, ಇಸ್ರೇಲ್ ಫಿಲ್ಹಾರ್ಮೋನಿಕ್ ಜೊತೆ ಕ್ರಿಸ್ಟಾ ಲುಡ್ವಿಗ್. ಮೊದಲ ಪ್ರದರ್ಶನದಲ್ಲಿ ಹಾಡಿದ್ದ ಜೆನ್ನಿ ಟೂರೆಲ್ ಅವರದ್ದೂ 1961ರದ್ದು ಇದೆ. ಅದರಿಂದ ಒಂದು ತುಣುಕು ಕೇಳಿಸಿದರು. ಪೂರ್ತಿ ಕೇಳಿಸಿದ್ದರೆ ಇನ್ನೂ ಚೆನ್ನಾಗಿತ್ತು. ಟೂರೆಲ್ ದನಿ ಮಾತಿಗೆ ಇನ್ನೂ ಹತ್ತಿರ.

ಅದೇ ಬರ್ನ್‌ಸ್ಟೈನ್‌ನ 'ಚಿಚೆಸ್ಟರ್ ಸಾಮ್ಸ್' ಮಾರನೇ ವಾರ. ಇಂಗ್ಲೆಂಡಿನ ಚಿಚೆಸ್ಟರ್ ಕೆಥೀಡ್ರಲ್‌ನವರು ಕೇಳಿ ಬರೆಸಿದ್ದು, 1965ರಲ್ಲಿ. ಕ್ರೈಸ್ತ ದೇವಾಲಯ ಕೇಳಿದೆ, ಆದರೂ ದಾವೀದನ ಕೀರ್ತನೆಗಳನ್ನು ಹೀಬ್ರೂನಲ್ಲೇ ಹಾಡಿಸಿದ್ದಾನೆ. ಆ ಧೈರ್ಯ ನನಗೆ ಇಷ್ಟವಾಯಿತು. ವೀಣೆ ಕಿನ್ನರಿಗಳನ್ನು ಎಬ್ಬಿಸುವ ಸಾಲಿನಿಂದ ಶುರು. ಆಮೇಲೆ ನೂರನೇ ಕೀರ್ತನೆ ಏಳರ ಎಣಿಕೆಯಲ್ಲಿ ಓಡುತ್ತದೆ. ನಾನು ತೊಡೆಯ ಮೇಲೆ ಮಿಶ್ರ ಛಾಪು ಹಾಕಿ ನೋಡಿದೆ. ಒಳಗಿನ ಒತ್ತು ನಮ್ಮ ಮೂರು-ನಾಲ್ಕಕ್ಕೆ ಎಲ್ಲ ಕಡೆ ಕೂರುವುದಿಲ್ಲ, ಆದರೆ ಏಳರ ಲೆಕ್ಕ ಕೂಡಿ ಬಂತು. ಪಕ್ಕದಲ್ಲಿದ್ದ ಮೃದಂಗದ ಹುಡುಗ ಕೂಡ ಬೆರಳಾಡಿಸುತ್ತಿದ್ದ.

ಎರಡನೇ ಭಾಗದಲ್ಲಿ ಒಬ್ಬ ಬಾಲಕ, ಹಾರ್ಪಿನ ಜೊತೆ, ಇಪ್ಪತ್ಮೂರನೇ ಕೀರ್ತನೆ ಹಾಡುತ್ತಾನೆ. ದೇವರು ಕುರುಬ, ನನಗೆ ಕೊರತೆ ಇಲ್ಲ ಅನ್ನುವ ಆ ಹಾಡು. ಯಾವ ಆಡಂಬರವೂ ಇಲ್ಲ. ಇದ್ದಕ್ಕಿದ್ದ ಹಾಗೆ ಗಂಡಸರ ಗುಂಪು ಎರಡನೇ ಕೀರ್ತನೆಯನ್ನು ಹಿಡಿದು ನುಗ್ಗುತ್ತದೆ: ಜನಾಂಗಗಳು ಯಾಕೆ ದೊಂಬಿ ಎಬ್ಬಿಸುತ್ತವೆ? ಆದರೂ ಬಾಲಕನ ಕೀರ್ತನೆ ನಿಲ್ಲುವುದಿಲ್ಲ. ಗಂಡಸರ ಅಬ್ಬರದ ಮೇಲೆಯೇ ಮೇಳದ ಎತ್ತರದ ದನಿಗಳಲ್ಲಿ ಅದು ಮತ್ತೆ ತೇಲಿ ಬರುತ್ತದೆ. ಎರಡೂ ಒಟ್ಟಿಗೆ ಕೇಳುತ್ತವೆ. ಈ ಜಾಗ ಬಂದಾಗ ಕೋಣೆಯಲ್ಲಿ ಒಬ್ಬರೂ ಅಲುಗಾಡಲಿಲ್ಲ. ಯುದ್ಧದ ಸುದ್ದಿ ದಿನಾ ಕೇಳುವ ನಮಗೆ ಇದಕ್ಕೆ ಬೇರೆ ವ್ಯಾಖ್ಯಾನ ಬೇಕಾಗಲಿಲ್ಲ.

ಶೋನ್‌ಬರ್ಗ್‌ನ 'ಎ ಸರ್ವೈವರ್ ಫ್ರಮ್ ವಾರ್ಸಾ' ಕೇಳುವುದು ಕಷ್ಟ, ಮೊದಲೇ ಹೇಳಿಬಿಡುತ್ತೇನೆ. ಏಳು ನಿಮಿಷದ ಆಸುಪಾಸು ಅಷ್ಟೇ. ರಾಗ ಅನ್ನುವಂಥದ್ದು ಸಿಗುವುದಿಲ್ಲ. ನಾಜಿಗಳ ಕೈಯಲ್ಲಿ ಸಿಕ್ಕವನೊಬ್ಬ ಇಂಗ್ಲಿಷಿನಲ್ಲಿ ನೆನಪು ಹೇಳುತ್ತಾನೆ, ಸಿಪಾಯಿ ಜರ್ಮನ್‌ನಲ್ಲಿ ಅಬ್ಬರಿಸುತ್ತಾನೆ. ಕೊಲ್ಲಲು ಕಳಿಸುವ ಮುಂಚೆ ಕೈದಿಗಳನ್ನು ಎಣಿಸುತ್ತಾರೆ. ಎಣಿಕೆ ವೇಗವಾಗುತ್ತಾ ಹೋಗಿ, ಕುದುರೆ ಓಟದ ಹಾಗಾಗಿ, ಅಲ್ಲಿಂದ ಗಂಡಸರೆಲ್ಲ ಒಂದೇ ದನಿಯಲ್ಲಿ ಹೀಬ್ರೂ ಹಾಡುತ್ತಾರೆ. ಷೆಮಾ ಇಸ್ರೇಲ್, ಧರ್ಮೋಪದೇಶಕಾಂಡದ ಆರನೇ ಅಧ್ಯಾಯ. ಯಹೂದಿಗಳು ದಿನಾ ಬೆಳಗ್ಗೆ ರಾತ್ರಿ ಹೇಳುವ, ಸಾಯುವಾಗಲೂ ಹೇಳಬೇಕಾದ ಮಾತು. ಶೋನ್‌ಬರ್ಗ್ ಯಹೂದಿಯಾಗಿ ಹುಟ್ಟಿ, ಕ್ರೈಸ್ತನಾಗಿ, 1933ರಲ್ಲಿ ಮತ್ತೆ ತನ್ನ ಧರ್ಮಕ್ಕೆ ಮರಳಿದವನು. ಇದನ್ನು ಬರೆದದ್ದು 1947ರಲ್ಲಿ. ಮೊದಲ ಪ್ರದರ್ಶನ ದೊಡ್ಡ ನಗರದಲ್ಲಿ ಆಗಲಿಲ್ಲ, ಅಮೆರಿಕದ ಆಲ್ಬುಕರ್ಕಿಯಲ್ಲಿ 1948ರಲ್ಲಿ, ಹವ್ಯಾಸಿ ಗಾಯಕರನ್ನು ಸೇರಿಸಿಕೊಂಡು ಆಯಿತು. ಮುಗಿದಾಗ ಜನ ಸುಮ್ಮನೆ ಕೂತಿದ್ದರಂತೆ. ಇನ್ನೊಮ್ಮೆ ಪೂರ್ತಿ ನುಡಿಸಿದರು. ಇಲ್ಲಿಯೂ ಸಾಹುಕಾರ್ರು ಎರಡನೇ ಸಲ ಹಾಕಿದರು. ಎರಡನೇ ಸಲವೇ ನನಗೆ ಅದು ಸಿಕ್ಕಿದ್ದು.

ಸ್ಟ್ರಾವಿನ್ಸ್ಕಿಯ 'ಸಿಂಫನಿ ಆಫ್ ಸಾಮ್ಸ್' ಮತ್ತು ಮೆಂಡೆಲ್‌ಸನ್‌ನ 'ಎಲೈಜಾ' (ನಮ್ಮ ಎಲೀಯ) ಒಂದೇ ಸಂಜೆಗೆ ತುರುಕಿದ್ದು ಸರಿಯಾಗಲಿಲ್ಲ. ಸ್ಟ್ರಾವಿನ್ಸ್ಕಿ 1930ರಲ್ಲಿ ಪಿಟೀಲು, ವಯೋಲಾ ಎರಡನ್ನೂ ತೆಗೆದು ಹಾಕಿ, ಲ್ಯಾಟಿನ್ ಕೀರ್ತನೆಗಳನ್ನು ಕಲ್ಲಿನ ಹಾಗೆ ಗಟ್ಟಿಯಾಗಿ ಕಟ್ಟಿದ್ದಾನೆ. ಅದಕ್ಕೇ ಒಂದು ಸಂಜೆ ಬೇಕು. ಎಲೈಜಾ ಎರಡು ಗಂಟೆ ಮೀರಿದ ಕೃತಿ, ತುಣುಕು ಕೇಳಿ ಏನೂ ಹೇಳಲಾಗದು.

ಮಾಹ್ಲರ್ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಅವನ ಮೊದಲ ಸಿಂಫನಿಯ ಮೂರನೇ ಭಾಗದಲ್ಲಿ, ಶವಯಾತ್ರೆಯ ನಡುವೆ, ಒಂದು ಬೀದಿ ಬ್ಯಾಂಡಿನ ಧಾಟಿ ಬರುತ್ತದೆ. ಅದು ಯಹೂದಿ ಮದುವೆಯ ವಾದ್ಯದವರ ಶೈಲಿ ಅನ್ನುವುದು ಸಾಹುಕಾರ್ರ ವಾದ. ಇರಬಹುದು. ಮಾಹ್ಲರ್ ಹುಟ್ಟಿದ್ದು ಬೊಹೀಮಿಯಾದ ಯಹೂದಿ ಕುಟುಂಬದಲ್ಲಿ. ಆದರೆ ಅದು ಬೀದಿಯ ಸಂಗೀತ, ಪ್ರಾರ್ಥನೆಯಲ್ಲ. ಮೂಲ ಕೇಳಿಸಿ ಆಮೇಲೆ ಕೃತಿ ಕೇಳಿಸುವ ಇವರ ಕ್ರಮ ಇಲ್ಲಿ ನಡೆಯಲಿಲ್ಲ, ಯಾಕೆಂದರೆ ಹಾಕಲು ಮೂಲವೇ ಇರಲಿಲ್ಲ. ಹೇಳಿದೆ. ಅವರು ನಕ್ಕು, "ಅದೂ ಸರಿ ಟೀಚರೇ" ಎಂದರು.

ವ್ಯವಸ್ಥೆಯ ಬಗ್ಗೆ. ತಲೆಗೆ 300 ರೂಪಾಯಿ, ವಿದ್ಯಾರ್ಥಿಗಳಿಗೆ ಅರ್ಧ. ಇಪ್ಪತ್ತು ಜನ ಹಿಡಿಸುವ ಕೋಣೆ, ಮರದ ನೆಲ, ಗೋಡೆಗೆ ಕಂಬಳಿ ಹಾಕಿದ್ದಾರೆ. ಸ್ಪೀಕರ್ ಚೆನ್ನಾಗಿದೆ, ಮೆಲುದನಿಯೂ ಹಿಂದಿನ ಸಾಲಿಗೆ ಮುಟ್ಟುತ್ತದೆ. ಹೆಂಚಿನ ಮೇಲೆ ಜೋರು ಮಳೆ ಬಿದ್ದರೆ ಮಾತ್ರ ಕಷ್ಟ. ಷೆಲೋಮೋದ ಕೊನೆಯ ಸ್ವರಗಳು ತೀರಾ ಕೆಳಗೆ, ತೀರಾ ಮೆಲ್ಲಗೆ ಮುಗಿಯುತ್ತವೆ. ಆ ದಿನ ಅವು ಕೇಳಲೇ ಇಲ್ಲ. ಮಳೆ ನಿಂತ ಮೇಲೆ ಮತ್ತೆ ಹಾಕಿದರು, ಸಂತೋಷ. ಕರೆಂಟು ಹೋದರೆ ಯುಪಿಎಸ್ ಇದೆ.

ದೊಡ್ಡ ಕೊರತೆ ಒಂದಿದೆ. ಹಂಚುವ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿದೆ. ಮಾತೆಲ್ಲ ಕನ್ನಡದಲ್ಲಿ ಆಡುವವರು ಹಾಳೆಯನ್ನು ಯಾಕೆ ಹಾಗೆ ಮಾಡುತ್ತಾರೋ! ಕೀರ್ತನೆಗಳೂ ಪ್ರಲಾಪಗಳೂ ಕನ್ನಡ ಬೈಬಲ್ಲಿನಲ್ಲಿ ಸಿದ್ಧವಾಗಿಯೇ ಇವೆ. ಹೀಬ್ರೂ ಸಾಲನ್ನು ಕನ್ನಡ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಅದನ್ನು ಹಾಕಿದರೆ ಸಾಕು. ನನ್ನ ಪಕ್ಕದಲ್ಲಿ ಕೂತಿದ್ದ ಆಲ್ದೂರಿನ ಅಜ್ಜಿಯೊಬ್ಬರು ಚರ್ಚಿಗೆ ಹೋಗುವವರು, ಇಪ್ಪತ್ಮೂರನೇ ಕೀರ್ತನೆ ಅವರಿಗೆ ಬಾಯಿಪಾಠ. ಬಾಲಕ ಹಾಡುತ್ತಿದ್ದದ್ದು ಅದೇ ಎಂದು ನಾನು ಹೇಳಿದ ಮೇಲೆ ಅವರಿಗೆ ಗೊತ್ತಾಯಿತು. ಆಮೇಲೆ ಕಣ್ಣು ಮುಚ್ಚಿ ತುಟಿ ಆಡಿಸುತ್ತಾ ಕೂತರು. ಆ ಹಾಳೆ ಅವರ ಕೈಗೆ ಕನ್ನಡದಲ್ಲಿ ಸಿಗಬೇಕಿತ್ತು.

ನಡುವೆ ಹದಿನೈದು ನಿಮಿಷ ಬಿಡುವು. ಮನೆಯ ಅಕ್ಕ ಬೆಲ್ಲದ ಕಾಫಿ, ಹಲಸಿನ ಹಣ್ಣಿನ ಕಡುಬು ಕೊಡುತ್ತಾರೆ. ಕಡುಬು ಬಾಳೆ ಎಲೆಯಲ್ಲಿ ಬೆಂದದ್ದು, ತುಪ್ಪ ಧಾರಾಳ. ದುಡ್ಡು ಬೇರೆ ಕೇಳುವುದಿಲ್ಲ.

ಹಾಸನದಿಂದ ಬರುವವರು ಬೇಲೂರು ಮೇಲೆ ಬಸ್ಸಿಗೆ ಬನ್ನಿ. ಐದೂವರೆಗೆ ಶುರು, ಮುಗಿಯುವ ಹೊತ್ತಿಗೆ ಕತ್ತಲಾಗಿರುತ್ತದೆ, ವಾಪಸ್ ಬಸ್ಸು ಮೊದಲೇ ವಿಚಾರಿಸಿಕೊಳ್ಳಿ. ಇದೇ ಸರಣಿಯನ್ನು ಬೇಸಿಗೆಯಲ್ಲಿ ಇನ್ನೊಮ್ಮೆ ಮಾಡುತ್ತಾರಂತೆ. ಎಲ್ಲ ವಾರ ಆಗದಿದ್ದರೆ ಮೊದಲ ಸಂಜೆ ಮತ್ತು ಜೆರಿಮಾಯಾ, ಇವೆರಡನ್ನು ಬಿಡಬೇಡಿ. ಹೋದವರು ನನ್ನ ಪರವಾಗಿ ಇನ್ನೊಂದು ಬೇಡಿಕೆಯನ್ನೂ ಇಡಿ. ಬ್ಲಾಖ್ ಷೆಲೋಮೋ ಆದ ಮೇಲೆ 'ಅವೋದತ್ ಹಕೋದೆಷ್' ಬರೆದ, 1933ರಲ್ಲಿ ಮುಗಿಸಿದ. ಸಿನಗಾಗಿನ ಶನಿವಾರ ಬೆಳಗ್ಗಿನ ಪೂಜೆಯನ್ನು ಕ್ಯಾಂಟರ್, ಮೇಳ ಮತ್ತು ಪೂರ್ತಿ ಆರ್ಕೆಸ್ಟ್ರಾಗೆ ಹಾಕಿದ ಕೃತಿ ಅದು. ಈ ವಿಷಯಕ್ಕೆ ಅದಕ್ಕಿಂತ ಹತ್ತಿರದ್ದು ಬೇರೆ ಯಾವುದಿದೆ? ಸಮಯ ಸಾಲದು ಎಂದು ಈ ಸಲ ಕೈಬಿಟ್ಟರು. ನಾಲ್ಕು ಜನ ಕೇಳಿದರೆ ಬೇಸಿಗೆಯ ಪಟ್ಟಿಗೆ ಸೇರಿಸುತ್ತೇನೆ ಎಂದಿದ್ದಾರೆ.